ಡಿಕ್ಕಿಯಲ್ಲಿ ಬಂದ ನಾಗ

ಮಾವನ ಕೈಗಳು ಯಾವಾಗಲೂ ಒದ್ದೆಯಾಗಿರುತ್ತಿದ್ದವು. ಯಾರ ಕೈ ಕುಲುಕಿದರೂ, ಯಾವ ಕಾಗದ ಮುಟ್ಟಿದರೂ, ಚಾವಡಿಯ ಮೂಲೆಗೆ ನಡೆದು ಗಂಧದ ಸಾಬೂನಿನಿಂದ ಮೊಣಕೈಯವರೆಗೆ ತೊಳೆದುಕೊಳ್ಳುತ್ತಿದ್ದರು. ಬಟ್ಟೆಯಿಂದ ಒರೆಸಿಕೊಳ್ಳುವ ಅಭ್ಯಾಸ ಇರಲಿಲ್ಲ; ಎರಡೂ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಗಾಳಿಗೆ ಒಣಗಿಸುತ್ತ ಮಾತು ಮುಂದುವರಿಸುತ್ತಿದ್ದರು. ಉದ್ದನೆಯ, ನುಣುಪಾದ, ದುಡಿಮೆಯ ಒಂದು ಗೆರೆಯೂ ಕಾಣದ ಬೆರಳುಗಳು. ನಮ್ಮ ಪೇಟೆಯ ಕೊಳೆಯೆಲ್ಲ ಯಾರ ನೆತ್ತಿಯ ಮೇಲೆ ಬೀಳಬೇಕೆಂದು ತೀರ್ಮಾನಿಸಿದ್ದು ಆ ಕೈಗಳೇ.

ನಮ್ಮದು ಅಳಿಯಕಟ್ಟಿನ ಮನೆ. ಯಜಮಾನಿಕೆ ತಾಯಿಯ ಅಣ್ಣನದು. ಅಪ್ಪ ಕಾಪುವಿನ ತಮ್ಮ ಮನೆಯಿಂದ ಆಗಾಗ ಬಂದು ಹೋಗುವ ನೆಂಟರಂತಿದ್ದರು. ನನ್ನನ್ನು ಬೆಳೆಸಿದ್ದು, ಶಾಲೆಗೆ ಕಳಿಸಿದ್ದು, ಹುಡುಗಿಗೆ ಇಷ್ಟು ಓದು ಸಾಕು ಎಂದ ಬಂಧುಗಳ ಬಾಯಿ ಮುಚ್ಚಿಸಿದ್ದು ಮಾವ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಹೇಳಲಿರುವುದರಲ್ಲಿ ಅವರಿಗೆ ಮರ್ಯಾದೆ ತರುವಂಥದ್ದು ಹೆಚ್ಚೇನೂ ಇಲ್ಲ.

ಭಾಷಣ ಮಾಡುವುದನ್ನು ಕಲಿಸಿದವರೂ ಅವರೇ. ಹೈಸ್ಕೂಲಿನ ಸ್ಪರ್ಧೆಗಳಿಗೆ ಮೊದಲು ನನ್ನನ್ನು ಚಾವಡಿಯಲ್ಲಿ ನಿಲ್ಲಿಸಿ, ತಾವು ಅಂಗಳ ದಾಟಿ ಗೇಟಿನ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತುಕೊಳ್ಳುತ್ತಿದ್ದರು. ಬಾಯಿಪಾಠದ ಮೊದಲ ವಾಕ್ಯ ಮುಗಿಯುವ ಮುನ್ನವೇ ಅಲ್ಲಿಂದ ಕೂಗು ಬರುತ್ತಿತ್ತು: "ಕೇಳುವುದಿಲ್ಲ! ಹಿಂದಿನ ಸಾಲಿನವನಿಗೆ ಕೇಳದ ಮಾತು ಮಾತೇ ಅಲ್ಲ ಮಗಾ. ಸರಿಯಾಗಿ ನಿಲ್ಲು. ನಿಧಾನಕ್ಕೆ ಹೇಳು." ಆ ಸ್ಪರ್ಧೆಗಳಲ್ಲಿ ನಾನು ಸತ್ಯ, ಸಮಾನತೆ, ಗ್ರಾಮನೈರ್ಮಲ್ಯ ಮುಂತಾದ ವಿಷಯಗಳ ಬಗ್ಗೆ ಮಾತನಾಡುತ್ತಿದ್ದೆ. ಅವುಗಳನ್ನು ನಾನು ನಂಬಿಬಿಡುತ್ತೇನೆಂಬ ಅಂದಾಜು ಮಾವನಿಗೆ ಇರಲಿಲ್ಲ.

ಉಡುಪಿಗೂ ಕಾರ್ಕಳಕ್ಕೂ ನಡುವಿನ ಒಂದು ಸಣ್ಣ ಪೇಟೆ ನಮ್ಮದು, ಹೆಸರು ಬೇಡ. ಎಪ್ಪತ್ತರ ದಶಕದ ಕೊನೆಗೆ ಅಲ್ಲಿನ ಮೀನು ಮಾರುಕಟ್ಟೆಯ ಹಿಂಬದಿಯಲ್ಲಿ ನಿಲ್ಲಲು ಸಾಧ್ಯವಾಗುತ್ತಿರಲಿಲ್ಲ. ಮಲ್ಪೆಯಿಂದ ಬಂದ ಮೀನಿನ ತಲೆ ಬಾಲ, ಹೋಟೆಲುಗಳ ಎಂಜಲೆಲೆ, ಮದುವೆ ಛತ್ರದ ರಾಶಿ ಎಲ್ಲವೂ ಅಲ್ಲೇ. ಕೊನೆಗೆ ಮೇಲಿನಿಂದ ಆದೇಶ ಬಂತು: ಊರಿನ ಹೊರಗೆ ಜಾಗ ಗುರುತಿಸಿ, ಕಸವನ್ನು ಬೇರ್ಪಡಿಸಿ ಗೊಬ್ಬರ ಮಾಡುವ ಕಾಂಪೋಸ್ಟ್ ಯಾರ್ಡ್ ಕಟ್ಟಬೇಕು. ಪಂಚಾಯತು ಒಂದು ಸಮಿತಿ ಮಾಡಿತು. ಅಧ್ಯಕ್ಷರು ಮಾವ. ನಾನು ಆಗಷ್ಟೇ ಬಿ.ಎಡ್. ಮುಗಿಸಿ ಊರಿನ ಶಾಲೆಯಲ್ಲಿ ಟೀಚರಾಗಿದ್ದೆ.

ಸಮಿತಿಯ ಜಾಗ ಹುಡುಕಾಟವನ್ನು ನಾನು ಕಣ್ಣಾರೆ ನೋಡಿದ್ದೇನೆ. ಜೀಪಿನಲ್ಲಿ ಹೋಗುವುದು, ಯಾವುದಾದರೂ ಗೇರುಮರದ ನೆರಳಿನಲ್ಲಿ ನಿಲ್ಲುವುದು, ಇದು ಒಬ್ಬ ಸದಸ್ಯರ ಬಾವನ ಜಾಗ, ಇದು ಇನ್ನೊಬ್ಬರ ಹೆಂಡತಿಗೆ ಪಾಲಿಗೆ ಬಂದದ್ದು ಎಂದು ತಲೆಯಲ್ಲಾಡಿಸುವುದು, ಬಳಿಕ ಬಾಳೆಲೆ ಬಿಚ್ಚಿ ಗೋಳಿಬಜೆ ತಿಂದು ಎಲೆಯನ್ನು ಅಲ್ಲೇ ಎಸೆದು ಜೀಪು ಹತ್ತುವುದು. ಊರಿನ ಕಸಕ್ಕೆ ಆ ಸಮಿತಿ ಸ್ವಂತ ಕೈಯಿಂದ ಒದಗಿಸಿದ ಜಾಗ ಅದೊಂದೇ.

ಮಂಗಳೂರಿನಿಂದ ಬಂದ ಇಂಜಿನಿಯರ್ ಮಾತ್ರ ಒಂದು ಜಾಗವನ್ನು ನಿಜವಾಗಿ ಮೆಚ್ಚಿದ. ಗುಡ್ಡದ ಮೇಲಿನ ಬೋಳು ಪಾದೆ, ಬರೀ ಬಂಡೆಯ ಹಾಸು; ಸುತ್ತ ಮನೆಯಿಲ್ಲ, ಕೆಳಗೆ ಬಾವಿಯಿಲ್ಲ, ರಸ್ತೆ ಹತ್ತಿರ. ಅದು ಮಾವನ ಹೆಸರಿನಲ್ಲಿತ್ತು. ಎರಡನೆಯ ಆಯ್ಕೆಯೆಂದು ಆತ ಸೂಚಿಸಿದ್ದು ಅದೇ ಗುಡ್ಡದ ಇನ್ನೊಂದು ಬದಿಯ, ಕೆಂಪುಕಲ್ಲು ತೆಗೆದು ಬಿಟ್ಟ ಹಳೆಯ ಕೋರೆಯನ್ನು. ಕೋರೆಯ ಕೆಳಗೆ ಬೀಡಿ ಕಟ್ಟುವ ಹೆಂಗಸರ ಕೇರಿಯಿತ್ತು, ಕೇರಿಯ ನಡುವೆ ಅವರ ಬಾವಿಯಿತ್ತು. ಆ ಒಂದೇ ಬಾವಿ. ಸವರ್ಣೀಯರ ಬಾವಿಯ ಹಗ್ಗವನ್ನು ಅವರು ಮುಟ್ಟುವಂತಿರಲಿಲ್ಲ. ಇದಕ್ಕೆ ಊರಿನವರು 'ಕ್ರಮ' ಎನ್ನುತ್ತಿದ್ದರು. ಕಾನೂನಿನಲ್ಲಿ ಇದರ ಹೆಸರು ಅಸ್ಪೃಶ್ಯತೆ, ಇದು ಅಪರಾಧ. ಕೋರೆಯಲ್ಲಿ ಕಸ ಸುರಿದರೆ ಮಳೆಗಾಲದಲ್ಲಿ ಅದರ ರಸ ಇಳಿಯುವುದು ಆ ಬಾವಿಗೇ ಎಂಬುದು ಕಣ್ಣಿದ್ದ ಎಲ್ಲರಿಗೂ ತಿಳಿದಿತ್ತು.

ಇಂಜಿನಿಯರ್ ಮತ್ತೆ ಬರುವ ಮುನ್ನಿನ ಭಾನುವಾರ ಮಾವ ನಮ್ಮನ್ನು ಕಾರ್ಕಳಕ್ಕೆ ಒಂದು ಮದುವೆಗೆ ಕರೆದುಕೊಂಡು ಹೋದರು. ಊಟವಾದ ಮೇಲೆ ಅಂಬಾಸಿಡರ್ ಕಾರು ಒಬ್ಬ ಶಿಲ್ಪಿಯ ಶೆಡ್ಡಿನ ಮುಂದೆ ನಿಂತಿತು. ಹೆಡೆಯೆತ್ತಿದ ನಾಗನ ಕಲ್ಲುಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದವು.

"ಹಳೆಯದರ ಹಾಗೆ ಕಾಣುವಂಥದ್ದು ಉಂಟಾ?" ಎಂದು ಮಾವ ಕೇಳಿದರು.

ಶಿಲ್ಪಿ ನಕ್ಕ. "ಹೊಸ ಕಲ್ಲು ಹೊಸದರ ಹಾಗೆಯೇ ಕಾಣುವುದು ಧಣಿ. ನಾಲ್ಕು ಮಳೆ ಹೋಗಲಿ, ತನ್ನಷ್ಟಕ್ಕೆ ಕಪ್ಪಾಗ್ತದೆ."

"ನಾಲ್ಕು ಮಳೆಗೆ ಕಾಯುವ ಪುರುಸೊತ್ತು ಯಾರಿಗುಂಟು ಮಾರಾಯ? ಬುಧವಾರ ಇಂಜಿನಿಯರ್ ಬರ್ತಾನೆ."

ಕಲ್ಲನ್ನು ಗೋಣಿಯಲ್ಲಿ ಸುತ್ತಿ ಡಿಕ್ಕಿಯಲ್ಲಿ ಇಟ್ಟರು. ದಾರಿಯುದ್ದಕ್ಕೂ ತಿರುವುಗಳಲ್ಲಿ ಅದು ನನ್ನ ಬೆನ್ನ ಹಿಂದೆ ಹೊರಳುವ ಸದ್ದು ಕೇಳಿಸುತ್ತಿತ್ತು. ಮನೆಯಲ್ಲಿ ಎಣ್ಣೆ ಮತ್ತು ಇದ್ದಿಲ ಪುಡಿ ಬೆರೆಸಿ ಅದಕ್ಕೆ ವಯಸ್ಸು ಬರಿಸಿದರು. ಮಂಗಳವಾರ ತಂತ್ರಿಗಳು ಬಂದು ಪಾದೆಯ ತುದಿಯಲ್ಲಿದ್ದ ನಾಲ್ಕಾರು ಕುರುಚಲು ಗಿಡಗಳ ನಡುವೆ ನಾಗಪ್ರತಿಷ್ಠೆ ಮಾಡಿದರು. ನಾಗನಿಗೆ ತನು ಎರೆಯಲು, ಅಂದರೆ ಹಾಲು ಎಳನೀರಿನ ಅಭಿಷೇಕಕ್ಕೆ, ಶುದ್ಧ ನೀರು ಬೇಕೆಂದು ಪಕ್ಕದಲ್ಲೇ ಬಾವಿ ತೋಡಿಸುವ ಮಾತಾಯಿತು. ನಾಗನಿರುವ ಜಾಗದಲ್ಲಿ ಕಸ ಹಾಕಿಸುವ ಧೈರ್ಯ ನಮ್ಮ ಜಿಲ್ಲೆಯ ಯಾವ ಅಧಿಕಾರಿಗೂ ಇಲ್ಲ. ಇದು ಮಾವನಿಗೆ ಚೆನ್ನಾಗಿ ಗೊತ್ತಿತ್ತು.

ಜಾಗ ಅಂತಿಮಗೊಳಿಸುವ ಸಭೆ ಪಂಚಾಯತು ಹಾಲಿನಲ್ಲಿ ನಡೆಯಿತು. ಕೇರಿಯ ಹೆಂಗಸರು ಬಾಗಿಲ ಹೊರಗೆ ನಿಂತಿದ್ದರು. ಒಳಗೆ ಖಾಲಿ ಬೆಂಚುಗಳಿದ್ದವು, ಕೂರಿ ಎಂದು ಯಾರೂ ಹೇಳಲಿಲ್ಲ. ಅವರಲ್ಲಿ ಒಬ್ಬಳು, ನನ್ನ ಶಾಲೆಯಲ್ಲಿ ಓದುತ್ತಿದ್ದ ಇಬ್ಬರು ಮಕ್ಕಳ ತಾಯಿ, ಬಾಗಿಲ ಚೌಕಟ್ಟಿಗೆ ಕೈಯೂರಿ ಕೇಳಿದಳು: "ಕೋರೆಯ ಬದಿಯಲ್ಲಿ ನಮ್ಮ ದೈವದ ಕಲ್ಲೂ ಉಂಟಲ್ಲ ಧಣಿ. ಅದರ ಲೆಕ್ಕ ಇಲ್ವಾ?"

"ಅದಕ್ಕೆ ಪ್ರತಿಷ್ಠೆ ಯಾರು ಮಾಡಿದ್ದು? ಯಾವ ತಂತ್ರಿಗಳು?" ಎಂದರು ಮಾವ, ಬಹಳ ಸೌಮ್ಯವಾಗಿ.

"ತಂತ್ರಿಗಳು ನಮ್ಮ ಕೇರಿಗೆ ಬರುದುಂಟಾ? ನನ್ನ ಅಜ್ಜಿ ಹುಟ್ಟುವ ಮೊದಲೇ ಅದು ಅಲ್ಲಿ ಇತ್ತು. ನಿಮ್ಮ ನಾಗ ಮೊನ್ನೆ ಹುಟ್ಟಿದ್ದಲ್ವಾ?"

ಹಾಲಿನಲ್ಲಿ ಯಾರೋ ನಕ್ಕರು. ಮಾವ ನಗಲಿಲ್ಲ. ಅದು ಮೂಲಸ್ಥಾನ, ಹಿರಿಯರ ಕಾಲದಿಂದಲೂ ಇದ್ದದ್ದು, ಕಾಡು ಬೆಳೆದು ಮುಚ್ಚಿಹೋಗಿತ್ತು, ಈಗ ಜೀರ್ಣೋದ್ಧಾರ ಆಯಿತು ಎಂದು ವಿವರಿಸಿದರು. ನಾನು ಹಿಂದಿನ ಬೆಂಚಿನಲ್ಲಿದ್ದೆ. ಕುಳಿತಲ್ಲಿಂದಲೇ ಹೇಳಿದೆ: "ಆ ಕಲ್ಲು ಕಾರ್ಕಳದ್ದು. ನಮ್ಮ ಕಾರಿನ ಡಿಕ್ಕಿಯಲ್ಲಿ ಬಂತು. ನಾನು ಕಾರಿನಲ್ಲೇ ಇದ್ದೆ."

ನನ್ನನ್ನು ಯಾರೂ ಅಲ್ಲಗಳೆಯಲಿಲ್ಲ. ಆ ದಿನ ನಾನು ಕಲಿತ ಪಾಠ ಇದು: ಸುಳ್ಳನ್ನು ಬಯಲು ಮಾಡಿದರೆ ಸುಳ್ಳುಗಾರ ನಾಚುತ್ತಾನೆಂದು ಪಠ್ಯಪುಸ್ತಕದಲ್ಲಿ ಮಾತ್ರ ಬರೆದಿರುತ್ತದೆ. ಮಾವ ಪಕ್ಕದಲ್ಲೇ ಕುಳಿತಿದ್ದ ತಂತ್ರಿಗಳ ಕಡೆಗೆ ನೋಡಿದರು. ತಂತ್ರಿಗಳು ಕಣ್ಣುಮುಚ್ಚಿ ತಲೆದೂಗಿದರು. ಬಳಿಕ ಮಾವ ಸಭೆಯತ್ತ ತಿರುಗಿ ಹೇಳಿದರು: "ನನ್ನ ತಂಗಿಯ ಮಗಳು ಸುಳ್ಳು ಹೇಳುವವಳಲ್ಲ. ಕಲ್ಲು ಎಲ್ಲಿಂದಾದರೂ ಬರಲೇಬೇಕಲ್ಲ? ಆದರೆ ಪ್ರತಿಷ್ಠೆ ಆಯಿತು. ಇನ್ನು ಅದು ಕಲ್ಲಲ್ಲ."

ಡಾಕ್ಟರು, ವಕೀಲರು, ಹೋಟೆಲಿನ ಮಾಲೀಕರು, ವಿದ್ಯಾವಂತರೆಲ್ಲ ಕೈಯೆತ್ತಿದರು. ಕೋರೆ ಆಯ್ಕೆಯಾಯಿತು.

ಮನೆಗೆ ಮರಳುವ ದಾರಿಯಲ್ಲಿ ನನ್ನನ್ನು ಹೊರಗೆ ಹಾಕುತ್ತಾರೆಂದೇ ನಾನು ಭಾವಿಸಿದ್ದೆ. ಗೇಟು ಬಂದಾಗ ಮಾವ ಹೇಳಿದರು: "ಕುಳಿತುಕೊಂಡು ಹೇಳಿದೆ. ಹಿಂದಿನ ಸಾಲಿನಿಂದ ಮುಂದಿನವರಿಗೆ ಸರಿಯಾಗಿ ಕೇಳಿಸಲಿಲ್ಲ. ಎದ್ದು ನಿಂತು ಹೇಳಬೇಕಿತ್ತು ಮಗಾ." ಅನಂತರ ಕೈ ತೊಳೆಯಲು ಹೋದರು.

ಅವರ ಆತ್ಮವಿಶ್ವಾಸದ ಆಳ ನನಗೆ ಗೊತ್ತಾದದ್ದು ಆಗ. ನನ್ನ ಸತ್ಯದಲ್ಲಿ ಅವರಿಗೆ ಕಂಡ ದೋಷ ಉಚ್ಚಾರದ್ದು ಮಾತ್ರ.

ಕಾಂಪೋಸ್ಟ್ ಯಾರ್ಡ್ ಎಂಬುದು ಬೋರ್ಡಿನ ಮೇಲೆ ಉಳಿಯಿತು. ಬೇರ್ಪಡಿಸುವವರೂ ಇರಲಿಲ್ಲ, ಗೊಬ್ಬರವೂ ಆಗಲಿಲ್ಲ. ಲಾರಿ ಬಂದು ಕೋರೆಗೆ ಸುರಿದು ಹೋಗುತ್ತಿತ್ತು. ಒಂದು ಮಳೆಗಾಲ ಕಳೆದಾಗ ಕೇರಿಯ ಬಾವಿಯ ನೀರಿನ ಮೇಲೆ ಎಣ್ಣೆಯಂಥ ಪದರ ಕಾಣಿಸಿತು. ಮರುವರ್ಷ ಕೊಡ ಮೂಗಿನ ಹತ್ತಿರ ತರಲಾಗುತ್ತಿರಲಿಲ್ಲ. ನನ್ನ ತರಗತಿಯಲ್ಲಿ ಆ ಕೇರಿಯ ಮಕ್ಕಳ ಬೆಂಚು ವಾಂತಿಭೇದಿಯಿಂದ ಖಾಲಿಯಾಗತೊಡಗಿತು. ನಾನು ಪಂಚಾಯತಿಗೆ ಬರೆದೆ, ತಾಲೂಕಿಗೆ ಬರೆದೆ, ಮಂಗಳೂರಿಗೆ ಬರೆದೆ. 'ಪರಿಶೀಲನೆ' ಎಂಬ ಪದದ ಎಲ್ಲ ವಿಭಕ್ತಿರೂಪಗಳೂ ಉತ್ತರವಾಗಿ ಬಂದವು.

ಗುಡ್ಡದ ಮೇಲೆ ಅಷ್ಟರಲ್ಲಿ ತೋಡಿಸಿದ್ದ ನಾಗನ ಬಾವಿ ಮಾತ್ರ ತಿಳಿಯಾಗಿತ್ತು. ಹೆಂಗಸರು ಕೊಡ ಹಿಡಿದು ಅಲ್ಲಿಗೆ ಹತ್ತಿದಾಗ ಮಾವ ಬಾವಿಗೆ ಕಬ್ಬಿಣದ ಜಾಲರಿ ಹೊದಿಸಿ ಬೀಗ ಹಾಕಿಸಿದರು. "ನಾಗನಿಗೆ ಮೈಲಿಗೆ ಆಗಬಾರದು," ಎಂದರು. ಸಭೆಯಲ್ಲಿ ಪ್ರಶ್ನೆ ಕೇಳಿದ್ದ ಆ ಹೆಂಗಸು ನಮ್ಮ ಅಂಗಳದ ಹೊರಗೆ ನಿಂತು ಕೂಗಿದಳು: "ನಾಗನಿಗೆ ಇಡೀ ಬಾವಿ ಯಾಕೆ ಧಣಿ? ಅವ ಕುಡಿಯುವುದು ಹಾಲಲ್ವಾ?" ಮಾವ ಬಾಗಿಲು ಹಾಕಿಕೊಂಡರು. ಬಾಯಾರಿದವರ ಮುಂದೆ ನೀರಿಗೆ ಬೀಗ ಹಾಕುವುದಕ್ಕೆ ನಾನು ಓದಿದ ಯಾವ ಭಾಷೆಯಲ್ಲೂ ಸಾಕಷ್ಟು ಕಟುವಾದ ಪದವಿಲ್ಲ.

ಎಂಬತ್ತರ ದಶಕದ ನಡುವಿನ ಹೊತ್ತಿಗೆ ಮಣಿಪಾಲ ಬೆಳೆದಂತೆ ಸುತ್ತಲಿನ ಬೋಳು ಗುಡ್ಡಗಳಿಗೂ ಗಿರಾಕಿಗಳು ಹುಟ್ಟಿಕೊಂಡರು. ಹಾಸ್ಟೆಲು ಕಟ್ಟಲು ಜಾಗ ಹುಡುಕುತ್ತಿದ್ದವರೊಬ್ಬರು ಪಾದೆಯನ್ನು ನೋಡಿ ಮೆಚ್ಚಿದರು. ಅಷ್ಟರಲ್ಲಿ ನಾಗನ ಸುತ್ತಲಿನ ಬನದ ಗಿಡಗಳಿಗೆ ಕತ್ತಿ ತಾಗಿಸುವವರಿಲ್ಲದೆ ಅವು ಮರಗಳಾಗಿದ್ದವು. ನೆರಳಿನಲ್ಲಿದ್ದ ಹೆಡೆಯ ಕಲ್ಲನ್ನು ಕಂಡದ್ದೇ ತಡ, ಗಿರಾಕಿ ಚಪ್ಪಲಿ ಕಳಚಿ ಕೈಮುಗಿದು ಹಿಂದಕ್ಕೆ ಸರಿದರು. "ನಾಗನ ಜಾಗ ನಮಗೆ ಬೇಡ ಸ್ವಾಮಿ."

ಮಾವ ತಂತ್ರಿಗಳನ್ನು ಕರೆಸಿದರು. ಕಲ್ಲನ್ನು ಬೇರೆ ಕಡೆ ಸಾಗಿಸಲಾಗದೇ ಎಂದು ಕೇಳಿದರು.

"ಅವ ಕುಳಿತಾಗಿದೆ," ಎಂದರು ತಂತ್ರಿಗಳು. "ಮೂಲಸ್ಥಾನ ಅಂತ ಸಭೆಯಲ್ಲಿ ನೀವೇ ಹೇಳಿದ್ದಲ್ವಾ? ಮೂಲದಿಂದ ಏಳಿಸಿದರೆ ಮುಂದಿನದಕ್ಕೆ ನಾನು ಜನ ಅಲ್ಲ, ಹೊಣೆ ನಿಮ್ಮದೇ."

ಅದೇ ವರ್ಷ ಮಾವನ ಬಲಗೈಯ ಬೆರಳುಗಳ ಸಂದಿನಲ್ಲಿ ಬಿಳಿಯ ಮಚ್ಚೆ ಕಾಣಿಸಿಕೊಂಡಿತು. ಮಣಿಪಾಲದ ಡಾಕ್ಟರು ನೋಡಿ, ಇದರಿಂದ ಜೀವಕ್ಕೆ ಏನೂ ಅಪಾಯವಿಲ್ಲ, ಇದು ಹರಡುವ ರೋಗವಲ್ಲ, ಹೆದರಬೇಡಿ ಎಂದರು. ಅದು ಅಷ್ಟೇ ಆಗಿತ್ತು. ಯಾರಿಗೂ ಬರಬಹುದಾದ, ಯಾರ ಪಾಪಕ್ಕೂ ಸಂಬಂಧವಿಲ್ಲದ ಚರ್ಮದ ಒಂದು ಬದಲಾವಣೆ. ಆದರೆ ನಮ್ಮ ಕಡೆ ಚರ್ಮಕ್ಕೆ ಏನಾದರೂ ಜನರು ಮೊದಲು ನೆನೆಯುವುದು ನಾಗನನ್ನು. ತಾನೇ ಡಿಕ್ಕಿಯಲ್ಲಿ ಹಾಕಿ ತಂದ, ತಾನೇ ಇದ್ದಿಲು ಹಚ್ಚಿಸಿದ ಕಲ್ಲಿಗೆ ಮಾವ ಹೆದರತೊಡಗಿದರು. ಜ್ಯೋತಿಷಿಗಳಲ್ಲಿ ಪ್ರಶ್ನೆ ಇಡಿಸಿದರು, ನಾಗದೋಷ ಕಳೆಯಲು ಆಶ್ಲೇಷಾ ಬಲಿ ಮಾಡಿಸಿದರು. ಮಚ್ಚೆ ಮಣಿಕಟ್ಟಿಗೆ ಏರಿತು. ಕೈ ತೊಳೆಯುವುದು ಹೆಚ್ಚಿತು.

ಆ ಹೆಂಗಸು ಒಂದು ದಿನ ಬೀಡಿಯ ಕಟ್ಟು ತಲೆಯ ಮೇಲಿಟ್ಟುಕೊಂಡು ಹೋಗುತ್ತಿದ್ದವಳು ನಮ್ಮ ಗೇಟಿನ ಬಳಿ ನಿಂತಳು. ಮಾವ ಅಂಗಳದಲ್ಲಿ ಕೈಗಳನ್ನು ಗಾಳಿಗೆ ಹಿಡಿದು ನಿಂತಿದ್ದರು. ಅವಳು ಆ ಕೈಗಳನ್ನು ನಿಧಾನವಾಗಿ ನೋಡಿ, "ನನಗೆ ಎಂತ ಗೊತ್ತುಂಟು ಧಣಿ," ಎಂದಳು. "ಆದರೆ ನೀರಿಗೆ ಬೀಗ ಹಾಕಿದ್ದು ನಾಗನಿಗೆ ಸರಿ ಕಾಣ್ತದಾ?"

ಮರುದಿನ ಬೆಳಿಗ್ಗೆ ಜಾಲರಿ ತೆಗೆಯಲಾಗಿತ್ತು.

ನನ್ನ ವರ್ಷಗಳ ಅರ್ಜಿಗಳಿಂದ ಆಗದ್ದು ಅದು. ಬಾವಿಕಟ್ಟೆಯಲ್ಲಿ ಅವಳನ್ನು ಕೇಳಿದೆ: "ನೀನು ಆ ನಾಗನನ್ನು ನಂಬುತ್ತೀಯಾ?" ಅವಳು ಹಗ್ಗ ಎಳೆಯುತ್ತಲೇ ನಕ್ಕಳು. "ಡಿಕ್ಕಿಯಲ್ಲಿ ಬಂದವನನ್ನಾ? ನೀರು ಬಂತಲ್ಲ ಟೀಚರೇ. ಕೊಡ ಸ್ವಲ್ಪ ಹಿಡೀರಿ." ಮೂಢನಂಬಿಕೆಯಿಂದ ಪಡೆದ ನ್ಯಾಯ ನ್ಯಾಯವಲ್ಲ ಎಂದು ನಾನು ಇಂದಿಗೂ ವಾದಿಸಬಲ್ಲೆ. ಕೊಡ ಹಿಡಿದೆ.

ಮಾವನನ್ನು ಯಾರಾದರೂ ಉದಾರಿ ಎಂದು ಹೊಗಳಿದರೆ ಈಗಲೂ ನನಗೆ ಮೈ ಉರಿಯುತ್ತದೆ. ಅವರು ಬೀಗ ತೆಗೆದದ್ದು ಹೆದರಿಕೆಯಿಂದ. ಕೇರಿಯ ಮಕ್ಕಳು ಕಾಯಿಲೆ ಬಿದ್ದಾಗ ತೆರೆಯದ ಬಾವಿ ತಮ್ಮ ಬೆರಳು ಬಿಳುಪೇರಿದಾಗ ತೆರೆಯಿತು.

ಆ ದಶಕ ಮುಗಿಯುವ ಮುನ್ನ ಅವರು ಹಾಸಿಗೆ ಹಿಡಿದರು. ಚರ್ಮಕ್ಕೂ ಅದಕ್ಕೂ ಸಂಬಂಧವಿರಲಿಲ್ಲ, ಹೃದಯ ಸೋತಿತ್ತು. ಒಂದು ಮಧ್ಯಾಹ್ನ ಎಲ್ಲರನ್ನೂ ಕೋಣೆಯಿಂದ ಹೊರಗೆ ಕಳಿಸಿ ನನ್ನನ್ನು ಕರೆದರು. ಕೈಗಳನ್ನು ಹೊದಿಕೆಯ ಒಳಗೆ ಅಡಗಿಸಿಕೊಂಡಿದ್ದರು. ನಾನು ಮಂಚದ ಪಕ್ಕ ಕುಳಿತೆ.

"ಅಂದು ಸಭೆಯಲ್ಲಿ ಹೇಳಿದೆಯಲ್ಲ ಮಗಾ, ಅದನ್ನು ಇನ್ನೊಮ್ಮೆ ಹೇಳು."

ಇಡೀ ಊರಿನಲ್ಲಿ ಅವರಿಗೆ ಆ ಮಾತು ಹೇಳಿದವಳು ನಾನೊಬ್ಬಳೇ. ಅವರ ನಾಗನಿಗೆ ಕೈಮುಗಿದ ತಂತ್ರಿಗಳಾಗಲಿ, ಕೈಯೆತ್ತಿದ ವಿದ್ಯಾವಂತರಾಗಲಿ ಈಗ ಅವರ ಉಪಯೋಗಕ್ಕೆ ಬರುವಂತಿರಲಿಲ್ಲ.

"ಅದು ಕಲ್ಲು ಮಾವ," ಎಂದೆ.

"ಕೇಳುವುದಿಲ್ಲ."

ನಾನು ಎದ್ದೆ. ಮಂಚದಿಂದ ಹಿಂದೆ ಸರಿದು, ಅವರು ಕಲಿಸಿದ ಹಾಗೆ ಸರಿಯಾಗಿ ನಿಂತು, ಪ್ರತಿ ಪದವನ್ನೂ ಬಿಡಿಸಿ, ಹೊರಗಿನ ಚಾವಡಿಗೂ ಕೇಳಿಸುವಂತೆ ಹೇಳಿದೆ: "ಅದು ಬರೀ ಕಲ್ಲು. ಕಾರ್ಕಳದ್ದು. ನಮ್ಮ ಕಾರಿನ ಡಿಕ್ಕಿಯಲ್ಲಿ ಬಂದದ್ದು. ನಾನು ಕಾರಿನಲ್ಲೇ ಇದ್ದೆ."

ಮಾವ ಪೂರ್ತಿಯಾಗಿ ಕೇಳಿಸಿಕೊಂಡರು. ಗೇಟಿನ ಬಳಿಯ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದಾಗಿನ ಅದೇ ಗಮನ ಮುಖದಲ್ಲಿತ್ತು. ಈ ಸಲ ತಿದ್ದಲು ಏನೂ ಸಿಗಲಿಲ್ಲವೇನೋ, ತಲೆಯಾಡಿಸಿದರು.

"ಚೆನ್ನಾಗಿ ಹೇಳಿದೆ," ಎಂದರು. ಆಮೇಲೆ ಗೋಡೆಯ ಕಡೆಗೆ ತಿರುಗಿದರು. "ಆದರೆ ಪ್ರತಿಷ್ಠೆ ಆಯಿತಲ್ಲ ಮಗಾ."