ಡೆಲ್ಬರ್ಟನ ಬಲಭುಜ

ಪ್ರತಿ ಈಡಿನ ನಂತರ ಡೆಲ್ಬರ್ಟ್ ಹೌಗನ್ ಬಂದೂಕನ್ನು ಖಾಲಿ ಮಾಡಿ, ಅದರ ನಳಿಗೆಯನ್ನು ಕೆನ್ನೆಗೆ ಒತ್ತಿಕೊಂಡು ನೋಡುತ್ತಿದ್ದ. ಬಿಸಿಯಿದ್ದರೆ ಕೆಳಗಿಟ್ಟು, ಜೇಬಿನಿಂದ ಒಂದು ಹಿಡಿ ಸೂರ್ಯಕಾಂತಿ ಬೀಜ ತೆಗೆದು, ಒಂದೊಂದೇ ಕಡಿದು ಸಿಪ್ಪೆ ಉಗಿಯುತ್ತ ಕೂರುತ್ತಿದ್ದ. ಬೀಜ ಮುಗಿದ ಮೇಲೆ ಮತ್ತೆ ಕೆನ್ನೆಗೆ ಒತ್ತುವುದು. ತಣ್ಣಗಾಗಿದ್ದರೆ ಮಾತ್ರ ಎರಡನೆಯ ಈಡು. ಮೂರು ಈಡಿಗೆ ಮುಕ್ಕಾಲು ಗಂಟೆ. ನೋಡುವವರಿಗೆ ತಲೆ ಕೆಡುತ್ತಿತ್ತು, ನನಗಂತೂ ಬಹಳ ಕೆಡುತ್ತಿತ್ತು.

ನಾನು ನಡೀನ್. ಇಡಾಹೊ ರಾಜ್ಯದ ಬಾಯರ್ಸ್ ಫೋರ್ಕ್ ಎಂಬ ನಮ್ಮೂರಿನಲ್ಲಿ ರಾಯ್ಸ್ ಪಿಕೆಟ್‌ನ ಬಂದೂಕಿನ ಅಂಗಡಿಯಿದೆ. ಅಲ್ಲಿ ನಳಿಗೆಯನ್ನು ಹಿಡಿಗೆ ಅಂಟು ಹಾಕಿ ಕೂರಿಸುವ ಕೆಲಸವನ್ನು ಹತ್ತೊಂಬತ್ತು ವರ್ಷದಿಂದ ಮಾಡುತ್ತಿದ್ದೇನೆ. ನನ್ನ ಕೈಗೆ ಸದಾ ಅಂಟಿನ ವಾಸನೆ, ನಾಲಿಗೆಗೆ ಸದಾ ಖಾರ ಎಂದು ಊರವರು ಹೇಳುತ್ತಾರೆ. ಎರಡೂ ನಿಜ.

ನಮ್ಮಲ್ಲಿ ಹಗುರ ಬಂದೂಕುಗಳನ್ನು ಮಾತ್ರ ಮಾಡುತ್ತೇವೆ. ಗುರಿ ನೋಡುವ ದುರ್ಬೀನು ಸೇರಿ ಐದೂವರೆ ಪೌಂಡು. ಹೊತ್ತು ಬೆಟ್ಟ ಹತ್ತುವಾಗ ಅದರಷ್ಟು ಸುಖದ ಬಂದೂಕು ಇನ್ನೊಂದಿಲ್ಲ, ಗುರಿಯಿಟ್ಟು ಹೊಡೆಯುವಾಗ ಅದರಷ್ಟು ಹಠಮಾರಿಯೂ ಇನ್ನೊಂದಿಲ್ಲ. ಭಾರದ ಬಂದೂಕನ್ನು ಮರಳಿನ ಚೀಲದ ಮೇಲೆ ಮಲಗಿಸಿ ಮೆತ್ತಗೆ ಕುದುರೆ, ಅಂದರೆ ಟ್ರಿಗರ್, ಎಳೆದರೆ ಸಾಕು. ಹಗುರದ್ದು ಹಾಗೆ ಬಿಟ್ಟರೆ ಕುಪ್ಪಳಿಸುತ್ತದೆ. ಎಡಗೈಯಿಂದ ಮುಂದಿನ ಹಿಡಿಯನ್ನು ಹಿಡಿದಿರಬೇಕು, ಬುಡವನ್ನು ಭುಜಕ್ಕೆ ಒತ್ತಿಕೊಳ್ಳಬೇಕು, ಕೆನ್ನೆ ಪ್ರತಿಸಲ ಅದೇ ಜಾಗದಲ್ಲಿ ಕೂರಬೇಕು. ತೆಳ್ಳನೆಯ ನಳಿಗೆ ಎರಡು ಮೂರು ಈಡಿಗೇ ಕಾದುಬಿಡುತ್ತದೆ, ಆಮೇಲೆ ಗುಂಡು ಎಲ್ಲೆಲ್ಲೋ ಹೋಗುತ್ತದೆ. "ಬೆಟ್ಟದಲ್ಲಿ ನಿಂಗೆ ಸಿಗೋದು ಒಂದೇ ಈಡು, ಅದೂ ತಣ್ಣಗಿರೋ ನಳಿಗೆಯಿಂದ. ನಾನು ಅದನ್ನ ಪರೀಕ್ಷೆ ಮಾಡ್ತಿದೀನಿ, ಅವಸರ ಯಾಕೆ?" ಎನ್ನುತ್ತಿದ್ದ ಡೆಲ್ಬರ್ಟ್.

ಒಂದೊಂದು ಬಂದೂಕಿನ ಜೊತೆಗೂ ಒಂದು ಗುರಿಹಾಳೆ ಹೋಗುತ್ತದೆ. ನೂರು ಗಜದಿಂದ ಹೊಡೆದ ಮೂರು ತೂತು. ಇಪ್ಪತ್ತೈದು ಸೆಂಟಿನ ನಾಣ್ಯವೊಂದನ್ನು ಇಟ್ಟರೆ ಮೂರೂ ಮುಚ್ಚಬೇಕು. ಕೆಳಗೆ ಅಚ್ಚು ಹಾಕಿಸಿದ ಸಾಲು: "ಭುಜಕ್ಕಿಟ್ಟು ಹೊಡೆದದ್ದು, ಯಂತ್ರಕ್ಕಿಟ್ಟಲ್ಲ." ಅದರ ಕೆಳಗೆ ಡಿ.ಎಚ್. ಎಂಬ ಸಹಿ. ಅಲಾಸ್ಕಾದಿಂದಲೂ ಜನ ನಮ್ಮ ಬಂದೂಕು ತರಿಸುತ್ತಿದ್ದದ್ದು ಆ ಸಹಿಗಾಗಿಯೇ. ಬೇರೆ ಅಂಗಡಿಗಳಲ್ಲಿ ಬಂದೂಕು ಚೆನ್ನಾಗಿರಬಹುದು, ಆದರೆ ಅವರ ಬಳಿ ಡೆಲ್ಬರ್ಟ್ ಇರಲಿಲ್ಲ.

ಹಗುರ ಬಂದೂಕು ಕತ್ತೆಯ ಹಾಗೆ ಒದೆಯುತ್ತದೆ. ವರ್ಷಕ್ಕೆ ಐದಾರು ಸಾವಿರ ಒದೆ, ಇಪ್ಪತ್ತಾರು ವರ್ಷ, ಒಂದೇ ಭುಜ. ಅವನ ಬಲಭುಜ ಎಡಭುಜಕ್ಕಿಂತ ಎರಡು ಬೆರಳು ಕೆಳಗಿತ್ತು. ಅಂಗಿ ಯಾವಾಗಲೂ ಆ ಕಡೆಗೆ ಜಾರುತ್ತಿತ್ತು, ಅವನ ಹೆಂಡತಿ ಆರ್ಡಿತ್ ಅದನ್ನು ಎಳೆದು ಸರಿಮಾಡುತ್ತಿದ್ದಳು. ಈಗ ಅವಳ ಕೈಗೂ ಆಗುವುದಿಲ್ಲ. ಗಂಟುಗಂಟಿಗೂ ಬಾವು ಬರುವ ಕಾಯಿಲೆ. ತಿಂಗಳಿಗೊಂದು ಸೂಜಿ ಚುಚ್ಚಿಸದಿದ್ದರೆ ಲೋಟ ಹಿಡಿಯಲಾರಳು. ಆ ಸೂಜಿ ಬರುವುದು ಅಂಗಡಿ ತನ್ನ ಕೆಲಸಗಾರರಿಗೆ ಮಾಡಿಸಿದ ಆರೋಗ್ಯ ವಿಮೆಯಿಂದ, ಕೆಲಸ ಬಿಟ್ಟರೆ ಅದೂ ಹೋಯಿತು. ಡೆಲ್ಬರ್ಟ್ ಎಲ್ಲೂ ಹೋಗುವ ಹಾಗಿರಲಿಲ್ಲ, ಅದು ರಾಯ್ಸ್‌ಗೂ ಚೆನ್ನಾಗಿ ಗೊತ್ತಿತ್ತು.

ಬೇಸಿಗೆಯಲ್ಲಿ ಡೆಲ್ಬರ್ಟ್ ಊರಿನ ಮಕ್ಕಳಿಗೆ ಬೇಟೆಯ ಪಾಠ ಹೇಳುತ್ತಿದ್ದ. ನಮ್ಮ ರಾಜ್ಯದಲ್ಲಿ ಆ ಪಾಠ ಮುಗಿಸದೆ ಮಕ್ಕಳಿಗೆ ಬೇಟೆಯ ಪರವಾನಗಿ ಸಿಗುವುದಿಲ್ಲ. ಅವನ ಪಾಠದಲ್ಲಿ ಒಂದು ಕುತಂತ್ರವಿತ್ತು. ಬಂದೂಕಿಗೆ ತೋಟಾ ತುಂಬುವುದು ಅವನೇ. ಮಕ್ಕಳಿಗೆ ಕಾಣದ ಹಾಗೆ ನಡುವೆ ಒಂದು ಮದ್ದಿಲ್ಲದ ತೋಟಾ ಸೇರಿಸಿಬಿಡುತ್ತಿದ್ದ. ಕುದುರೆ ಎಳೆದಾಗ ಬರೀ ಟಕ್ ಎಂಬ ಸದ್ದು. ಒದೆಗೆ ಹೆದರಿದವರ ಕಣ್ಣು ಅಷ್ಟರಲ್ಲಿ ಮುಚ್ಚಿರುತ್ತದೆ, ಭುಜ ಮುಂದೆ ನುಗ್ಗಿರುತ್ತದೆ, ನಳಿಗೆಯ ಮೂತಿ ನೆಲ ನೋಡುತ್ತಿರುತ್ತದೆ. ಎಲ್ಲರೂ ನಗುತ್ತಿದ್ದರು. ಸಿಕ್ಕಿಬಿದ್ದವರು ಆ ಖಾಲಿ ತೋಟಾವನ್ನು ಮನೆಗೆ ಒಯ್ಯಬೇಕು, ಹೆದರಿಕೆ ಹೋದ ಮೇಲೆ ತಂದು ವಾಪಸು ಕೊಡಬೇಕು. ನಮ್ಮೂರಿನಲ್ಲಿ ಆ ತೋಟಾ ಮನೆಗೊಯ್ಯದವರು ಕಡಿಮೆ. ನಾನೂ ಒಯ್ದಿದ್ದೆ.

ಮೂರು ವರ್ಷದ ಹಿಂದೆ ಡೆಲ್ಬರ್ಟನ ಪರೀಕ್ಷೆ ಮುಗಿದ ಕೆಲವು ಬಂದೂಕುಗಳು ನನ್ನ ಮೇಜಿಗೆ ವಾಪಸು ಬರತೊಡಗಿದವು. ನಾನು ಕೂರಿಸಿದ ಅಂಟು ಹಿಂಭಾಗದಲ್ಲಿ ಸೀಳಿರುತ್ತಿತ್ತು. ಮೊದಲು ನನ್ನದೇ ತಪ್ಪು ಎಂದುಕೊಂಡು ಅಂಟು ಬದಲಿಸಿದೆ. ಮತ್ತೆ ಸೀಳಿತು. ಬುಡದ ರಬ್ಬರಿನ ಮೇಲೆ ಅಡ್ಡಗೆರೆಯೊಂದು ಬಿದ್ದದ್ದು ಕಂಡಾಗ ನನಗೆ ಅರ್ಥವಾಯಿತು. ಅದು ತೊಟ್ಟಿಲಿನ ಗುರುತು.

ತೊಟ್ಟಿಲು ಎಂದರೆ ಸೀಸದ ಗಟ್ಟಿಗಳನ್ನು ಹೇರಿದ ಕಬ್ಬಿಣದ ಚೌಕಟ್ಟು. ಬಂದೂಕನ್ನು ಅದರಲ್ಲಿ ಬಿಗಿದು ಕುದುರೆ ಎಳೆದರೆ ಒದೆ ಭುಜಕ್ಕೆ ತಾಗುವುದಿಲ್ಲ, ಆದರೆ ಚೌಕಟ್ಟು ಅಲುಗದ್ದರಿಂದ ಏಟೆಲ್ಲ ಒಳಗಿನ ಅಂಟಿಗೇ ಬೀಳುತ್ತದೆ. ಹೊಸ ನಳಿಗೆ ನೋಡಲು ಎಂದು ರಾಯ್ಸ್ ತಂದು ಹಿಂದಿನ ಕೊಟ್ಟಿಗೆಯಲ್ಲಿ ಇಟ್ಟಿದ್ದ. ಒಂದು ಮಧ್ಯಾಹ್ನ ರಾಯ್ಸ್ ಊಟಕ್ಕೆ ಹೋದಾಗ ನಾನು ಕೊಟ್ಟಿಗೆಯ ಬಾಗಿಲಲ್ಲಿ ನಿಂತೆ. ಡೆಲ್ಬರ್ಟ್ ತೊಟ್ಟಿಲಿನ ಪಕ್ಕ ಕೂತು, ಭುಜ ತಾಗದಂತೆ ಕೈ ಚಾಚಿ, ಎರಡೇ ಬೆರಳಲ್ಲಿ ಕುದುರೆ ಎಳೆದ. ಸದ್ದಿಗೆ ಅವನ ಇಡೀ ಮೈ ಅದುರಿತು. ನನ್ನನ್ನು ನೋಡಿದ. ನಾನು ಮುಖ ತಿರುಗಿಸಿ ನನ್ನ ಮೇಜಿಗೆ ಬಂದುಬಿಟ್ಟೆ. ಅಂದಿನಿಂದ ಅಂಟಿನ ಪದರವನ್ನು ತುಸು ದಪ್ಪ ಮಾಡಿದೆ. ಬಾಯಿಬಡುಕಿ ಎಂದು ಹೆಸರಾದ ನಾನು ಅದೊಂದಕ್ಕೆ ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಈ ವರ್ಷ ಮೈಟೆ ಎಚೆವೆರಿಗೆ ಚೀಟಿ ಎದ್ದಿತು. ಮೈಟೆ ನಮ್ಮೂರಿನ ಶಾಲಾ ಬಸ್ಸು ಓಡಿಸುವವಳು, ಸ್ಪೇನಿನ ಕಡೆಯಿಂದ ಕುರಿ ಕಾಯಲು ಬಂದ ಬಾಸ್ಕ್ ಜನರ ಮೊಮ್ಮಗಳು. ಬೆಟ್ಟದ ಕಾಡುಟಗರನ್ನು ಹೊಡೆಯಲು ಸರಕಾರ ಚೀಟಿ ಎತ್ತಿ ಅನುಮತಿ ಕೊಡುತ್ತದೆ. ಅವಳು ಇಪ್ಪತ್ತೆರಡು ವರ್ಷ ಅರ್ಜಿ ಹಾಕಿದ್ದಳು. ಟಗರು ಸಿಕ್ಕಿದರೆ ಜೀವಮಾನದಲ್ಲಿ ಮತ್ತೆ ಅರ್ಜಿ ಹಾಕುವ ಹಾಗಿಲ್ಲ. ಸಿಗದಿದ್ದರೆ ಮತ್ತೆ ಚೀಟಿ ಏಳುವ ಹೊತ್ತಿಗೆ ಅವಳ ಮೊಣಕಾಲು ಉಳಿದಿರುವುದಿಲ್ಲ. ಅಪ್ಪನ ಹಳೆಯ ಬಂದೂಕು ಒಂಬತ್ತು ಪೌಂಡು, ಅದನ್ನು ಹೊತ್ತು ಹತ್ತಲಾರಳು. ಅದೇ ಅಳತೆಯ ತೋಟಾ ಹಿಡಿಯುವ ಹಗುರದ್ದು ಬೇಕು ಎಂದು ನಮ್ಮಲ್ಲಿ ಮಾಡಿಸಿದಳು. ನಾಣ್ಯ ಮುಚ್ಚುವ ಮೂರು ತೂತು, ಡಿ.ಎಚ್. ಸಹಿ, ಎಲ್ಲವೂ ಸಿದ್ಧವಾಯಿತು.

ಅವಳು ಬೆಟ್ಟಕ್ಕೆ ಹೊರಡಲು ಹನ್ನೊಂದು ದಿನವಿತ್ತು. ಶನಿವಾರ ಬೆಳಿಗ್ಗೆ ಅಂಗಡಿಯ ಹಿಂದಿನ ಬಯಲಿನಲ್ಲಿ ತಾನೇ ಕೂತು ಹೊಡೆದಳು, ಡೆಲ್ಬರ್ಟ್ ಕಲಿಸಿದ ಹಾಗೆಯೇ, ಬೀಜ ಕಡಿಯುತ್ತ, ತಣ್ಣಗಾಗುವವರೆಗೆ ಕಾಯುತ್ತ. ಮೂರು ತೂತೂ ಒಂದರ ಪಕ್ಕ ಒಂದು ಬಿದ್ದವು, ಆದರೆ ಗುರಿಯಿಂದ ನಾಲ್ಕು ಬೆರಳು ಮೇಲೆ. ಕಾರಣ ನನಗೆ ಗೊತ್ತಿತ್ತು. ಹಗುರ ಬಂದೂಕು ಭುಜದಲ್ಲಿ ನೆಗೆಯುವ ಹಾಗೆ ತೊಟ್ಟಿಲಲ್ಲಿ ನೆಗೆಯುವುದಿಲ್ಲ. ತೊಟ್ಟಿಲಲ್ಲಿ ಹೊಂದಿಸಿದ ದುರ್ಬೀನು ತೊಟ್ಟಿಲಿಗೇ ಸರಿ. ನೂರು ಗಜಕ್ಕೆ ನಾಲ್ಕು ಬೆರಳು ಎಂದರೆ ಮುನ್ನೂರು ಗಜಕ್ಕೆ ಒಂದು ಗೇಣು. ಗುಂಡು ಟಗರಿನ ಬೆನ್ನ ಮೇಲೆ ಹಾದುಹೋಗುತ್ತದೆ, ಇಲ್ಲವೇ ಬೆನ್ನು ಸವರಿ ಅದನ್ನು ಬಂಡೆಗಳ ನಡುವೆ ನರಳಲು ಬಿಡುತ್ತದೆ.

"ನಿಮ್ಮ ಹಾಳೇಲಿ ನಡುಮಧ್ಯ, ನನ್ನ ಹಾಳೇಲಿ ಮೇಲೆ. ಇದೇನು ಮೇಷ್ಟ್ರೇ?" ಎಂದಳು ಮೈಟೆ.

ರಾಯ್ಸ್ ಬಾಗಿಲಲ್ಲಿ ನಿಂತಿದ್ದ. "ಡೆಲ್, ಒಂದು ಸಲ ಹೊಡೆದು ತೋರಿಸಿಬಿಡೋ," ಎಂದವನು, ಒಳಗೆ ಫೋನ್ ಕೂಗಿದ್ದರಿಂದ ಹೋದ.

ಡೆಲ್ಬರ್ಟ್ ಕೂತ. ಬೇರೆ ದಾರಿಯಿರಲಿಲ್ಲ. ಅಂಗಿಯ ಬಲಭಾಗ ಜಾರಿತ್ತು. ಅವನು ನನ್ನ ಕಡೆ ಒಮ್ಮೆ ನೋಡಿದ. ತೊಟ್ಟಿಲಿನ ಪಕ್ಕ ನೋಡಿದ್ದಂಥದೇ ನೋಟ. ಈ ಸಲವಾದರೂ ನಾನು ಏನಾದರೂ ಹೇಳಬಹುದಿತ್ತು, ಹೇಳಲಿಲ್ಲ.

"ತೋಟಾ ನಾನು ತುಂಬ್ತೀನಿ, ನೀವು ಆ ಕಡೆ ನೋಡಿ. ನಿಮ್ಮದೇ ನಿಯಮ," ಎಂದು ಮೈಟೆ ನಕ್ಕಳು. ನನಗೆ ಕಣ್ಣು ಹೊಡೆದು ಮುಷ್ಟಿ ಬಿಡಿಸಿ ತೋರಿಸಿದಳು. ಹನ್ನೆರಡರ ವಯಸ್ಸಿನಲ್ಲಿ ಮನೆಗೊಯ್ದು, ಮೂವತ್ತು ವರ್ಷವಾದರೂ ವಾಪಸು ಕೊಡದ ಖಾಲಿ ತೋಟಾ. ತಮಾಷೆಗೆಂದೇ ತಂದಿದ್ದಳು. ಮೇಷ್ಟ್ರು ಟಕ್ ಅನ್ನಿಸಿ, ಬೆಟ್ಟದಂತೆ ಅಲುಗಾಡದೆ ಕೂತು, ಹಿಂತಿರುಗಿ ಬೈಯುತ್ತಾರೆ, ಎಲ್ಲರೂ ನಗಬಹುದು ಎಂದುಕೊಂಡಿದ್ದಳು.

ಡೆಲ್ಬರ್ಟ್ ಕೆನ್ನೆ ಇಟ್ಟ. ಉಸಿರು ಬಿಟ್ಟ. ಕುದುರೆ ಎಳೆದ.

ಟಕ್.

ನಳಿಗೆಯ ಮೂತಿ ಒಂದು ಅಡಿ ಕೆಳಗೆ ಬಿತ್ತು. ಅವನ ಭುಜ ಮುಂದಕ್ಕೆ ನುಗ್ಗಿತ್ತು, ಕಣ್ಣು ಬಿಗಿಯಾಗಿ ಮುಚ್ಚಿತ್ತು, ತುಟಿ ಹಲ್ಲಿಗೆ ಸಿಕ್ಕಿತ್ತು. ಎಷ್ಟು ಹೊತ್ತಾದರೂ ಕಣ್ಣು ತೆರೆಯಲಿಲ್ಲ. ಮೈಟೆಯ ನಗು ಬಾಯಲ್ಲೇ ಉಳಿಯಿತು.

"ಎಷ್ಟು ದಿನದಿಂದ?" ಎಂದು ಕೊನೆಗೆ ಕೇಳಿದಳು.

"ಮೂರು ವರ್ಷ."

"ಮತ್ತೆ ಈ ಹಾಳೆ?"

"ಕೊಟ್ಟಿಗೇಲಿ ತೊಟ್ಟಿಲಿದೆ. ಅದರಲ್ಲಿಟ್ಟು ಹೊಡೆದದ್ದು." ಅವನು ಕಣ್ಣು ತೆರೆದು ಬಂದೂಕನ್ನು ಮೆಲ್ಲಗೆ ಕೆಳಗಿಟ್ಟ. "ನಿಂಗೆ ಹೇಳ್ಬೇಕು ಅಂತ ದಿನಾ ಅಂದ್ಕೊಳ್ತಿದ್ದೆ. ನಿನ್ನ ಬಸ್ಸು ಅಂಗಡಿ ಮುಂದೆ ಹೋದಾಗೆಲ್ಲ ಒಳಗೆ ಹೋಗ್ಬಿಡ್ತಿದ್ದೆ."

ಅವಳು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಅವಳು ಖಾಲಿ ತೋಟಾವನ್ನು ತೆಗೆದು ಅವನ ಅಂಗಿಯ ಜೇಬಿಗೆ ಹಾಕಿದಳು. "ಇಟ್ಕೊಳ್ಳಿ. ಹೆದರಿಕೆ ಹೋದ್ಮೇಲೆ ವಾಪಸ್ ಕೊಡಿ. ಈಗ ಏಳಿ, ಆ ಜಾಗ ನಂದು. ನಾನು ಹೊಡೀತೀನಿ, ನೀವು ದುರ್ಬೀನಿನ ತಿರುಪು ತಿರುಗಿಸಿ."

ಮಧ್ಯಾಹ್ನದವರೆಗೂ ಇಬ್ಬರೂ ಅಲ್ಲೇ ಇದ್ದರು. ಅವಳು ಹೊಡೆಯುವುದು, ಅವನು ನಳಿಗೆಯನ್ನು ಕೆನ್ನೆಗೆ ಒತ್ತುವುದು, ತಿರುಪು ಒಂದು ಗೆರೆ ತಿರುಗಿಸುವುದು, ಇಬ್ಬರೂ ಬೀಜ ಕಡಿಯುವುದು. ಎಡಗೈ ಸಡಿಲವಾದರೆ "ಹಿಡಿ, ಕರು ಹಿಡಿದ ಹಾಗೆ ಹಿಡಿ" ಎನ್ನುತ್ತಿದ್ದ. ಕೊನೆಯ ಮೂರು ತೂತು ನಾಣ್ಯದಡಿಗೆ ಬಂದವು. ಆ ಹಾಳೆಯ ಮೇಲೆ ಡೆಲ್ಬರ್ಟ್ ಡಿ.ಎಚ್. ಎಂದು ಬರೆಯಲಿಲ್ಲ. ಮೈಟೆ ಎಚೆವೆರಿ ಎಂದು ಪೂರ್ತಿ ಹೆಸರು ಬರೆದ. ಮೂರು ವರ್ಷದಲ್ಲಿ ನಮ್ಮ ಅಂಗಡಿಯಿಂದ ಹೊರಟ ಒಂದೇ ಒಂದು ನಿಜವಾದ ಹಾಳೆ ಅದು.

ಸೋಮವಾರ ಅವನು ರಾಯ್ಸ್‌ನ ಮುಂದೆ ನಿಂತು ಎಲ್ಲವನ್ನೂ ಹೇಳಿದ. ಗೋಡೆ ತೆಳ್ಳಗೆ, ನನ್ನ ಮೇಜಿಗೆ ಪೂರಾ ಕೇಳುತ್ತಿತ್ತು.

"ಗೊತ್ತು ಕಣೋ," ಎಂದ ರಾಯ್ಸ್. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ಆ ತೊಟ್ಟಿಲು ಯಾಕೆ ತಂದಿಟ್ಟೆ ಅಂದ್ಕೊಂಡಿದ್ದೆ? ನಿನ್ನ ಕಣ್ಣು ಮುಚ್ಚೋದು ನಿಂಗಿಂತ ಮೊದ್ಲು ನಾನು ನೋಡಿದ್ದು. ಶನಿವಾರ ಹೊಡಿ ಅಂದದ್ದು ಬರೀ ಮೈಟೆಗೆ ಅನುಮಾನ ಬರದಿರ್ಲಿ ಅಂತ."

"ಇನ್ಮೇಲೆ ನಾನು ಸಹಿ ಹಾಕಲ್ಲ ರಾಯ್ಸ್."

"ಹಾಕ್ಬೇಡ, ಮನೆಗೆ ಹೋಗು. ಆದ್ರೆ ಆರ್ಡಿತ್ ಸೂಜಿ ನಿನ್ನ ಹಿಂದೆ ಬರಲ್ಲ. ಇನ್ನೂ ಏಳು ವರ್ಷ ಇದೆ ಅವಳಿಗೆ ಅರವತ್ತೈದಾಗಿ ಸರಕಾರದ ವಿಮೆ ಸಿಗೋಕೆ. ನಾನೇನು ಕೆಟ್ಟವನಲ್ಲ. ನೀನು ಕೂತಿರು, ತೊಟ್ಟಿಲು ಹೊಡೀಲಿ. ಹಾಳೆ ಹೋಗ್ಬೇಕು ಅಷ್ಟೇ."

ಆಮೇಲೆ ಡೆಲ್ಬರ್ಟ್ ನನ್ನ ಮೇಜಿನ ಮುಂದೆಯೇ ಹಾದು ಕೊಟ್ಟಿಗೆಗೆ ಹೋದ. ಬಾಗಿಲು ಹಾಕಿಕೊಂಡ. ಈಡಿನ ಸದ್ದು ಬಂತು. ಸಂಜೆ ರಾಯ್ಸ್‌ನ ಮೇಜಿನ ಮೇಲೆ ಸಹಿಯಿಲ್ಲದ ಎರಡು ಹಾಳೆ ಇದ್ದವು.

ಮೈಟೆ ಬೆಟ್ಟಕ್ಕೆ ಹೊರಟ ಒಂಬತ್ತನೆಯ ದಿನ ಇಳಿದು ಬಂದಳು. ಇನ್ನೂರ ಎಂಬತ್ತು ಗಜ, ತಣ್ಣಗಿದ್ದ ನಳಿಗೆ, ಒಂದೇ ಈಡು. ಟಗರು ನಿಂತಲ್ಲೇ ಮಲಗಿತಂತೆ. ಮಾಂಸದ ದೊಡ್ಡ ತುಂಡೊಂದನ್ನು ಆರ್ಡಿತ್‌ಗೆ ಕೊಟ್ಟು, ತನ್ನ ಗುರಿಹಾಳೆಯನ್ನು ಅವರ ಅಡುಗೆಮನೆಯ ಗೋಡೆಗೆ ಅಂಟಿಸಿ ಬಂದಳು. ನಾನು ಹೋದಾಗೆಲ್ಲ ಅದು ಕಣ್ಣಿಗೆ ಬೀಳುತ್ತದೆ. ಖಾಲಿ ತೋಟಾ ಇನ್ನೂ ಡೆಲ್ಬರ್ಟನ ಜೇಬಿನಲ್ಲಿಯೇ ಇದೆ. ಬಗ್ಗಿದಾಗ ಒಮ್ಮೊಮ್ಮೆ ನೆಲಕ್ಕೆ ಬೀಳುತ್ತದೆ, ಎತ್ತಿ ಒರೆಸಿ ಮತ್ತೆ ಹಾಕಿಕೊಳ್ಳುತ್ತಾನೆ.

ಅವನು ಮಾತಿನಂತೆ ನಡೆದ. ಮತ್ತೆ ಸಹಿ ಹಾಕಲಿಲ್ಲ. ಒಂದು ವಾರ ಹಾಳೆಗಳು ಹಾಗೆಯೇ ರಾಶಿ ಬಿದ್ದವು, ಬಂದೂಕುಗಳು ಪೆಟ್ಟಿಗೆಯಲ್ಲಿ ಕಾದವು. ರಾಯ್ಸ್ ಆರ್ಡಿತ್ ಹೆಸರಿದ್ದ ವಿಮೆಯ ಕಾಗದವೊಂದನ್ನು ತಂದು ನನ್ನ ಮೇಜಿನ ಮೇಲೆ ಮರೆತವನಂತೆ ಇಟ್ಟುಹೋದ. ಅಂದು ಸಂಜೆ ಆರ್ಡಿತ್ ನನಗೆ ಚಹಾ ಕೊಡುವಾಗ ಎರಡೂ ಕೈ ಸೇರಿಸಿ ಲೋಟ ಹಿಡಿದಿದ್ದಳು.

ಈಗ ಡಿ.ಎಚ್. ಎಂದು ಬರೆಯುವವಳು ನಾನು. ಹತ್ತೊಂಬತ್ತು ವರ್ಷ ನೋಡಿದ ಸಹಿ, ಕೈಗೆ ಸಲೀಸಾಗಿ ಬರುತ್ತದೆ. ನಾನು ಲೇಖನಿ ತೆಗೆದುಕೊಂಡರೆ ಡೆಲ್ಬರ್ಟ್ ಎದ್ದು ಹೊರಗೆ ಹೋಗುತ್ತಾನೆ, ಬೀಜ ಕಡಿಯುತ್ತ ಬೆಟ್ಟ ನೋಡುತ್ತ ನಿಲ್ಲುತ್ತಾನೆ. ಕಳೆದ ವಾರ ನನಗೇ ಒಂದು ವಿಷಯ ಗೊತ್ತಾಯಿತು. ಹಾಳೆಗೆ ಲೇಖನಿ ತಾಗುವ ಮುಂಚೆಯೇ ನನ್ನ ಕಣ್ಣು ಮುಚ್ಚಿಕೊಂಡಿರುತ್ತದೆ.