ಲಿಂಗ ಮುಟ್ಟಿ ಬಿಟ್ಟ ಪದ

ಹಸಿ ಗೋಣಿಯ ವಾಸನೆ ಮೂಗಿಗೆ ಬಡಿದರೆ ಇವತ್ತಿಗೂ ನನ್ನ ಕೈ ನಿಂತುಬಿಡುತ್ತದೆ. ನಾನು ಗವಂಡಿ. ಉಮರಗಾದಲ್ಲಿ, ಉದಗೀರದಲ್ಲಿ ನನ್ನ ಕೈಯಿಂದ ಎದ್ದ ಗೋಡೆಗಳಲ್ಲಿ ಒಂದೂ ಬಿರಿದಿಲ್ಲ. ಇದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಹೊಸ ಕಂಬ ಸೀಳಬಾರದೆಂದು ಗೋಣಿ ಸುತ್ತಿ ದಿನಕ್ಕೆ ಮೂರು ಹೊತ್ತು ನೀರು ಹೊಡೆಯುತ್ತೇವೆ. ಮೊನ್ನೆ ಉದಗೀರದ ಒಂದು ಕಟ್ಟಡದಲ್ಲಿ ಹಾಗೆ ನೀರು ಹೊಡೆಯುವಾಗ ಆ ವಾಸನೆ ಎದ್ದಿತು: ಸಣಬು, ಸೀಮೆಎಣ್ಣೆ, ಹಳೆಯ ತೊಗರಿಯ ಧೂಳು. ಅದೇ ಹೊತ್ತಿಗೆ ಸೆಂಟ್ರಿಂಗ್ ಕೆಲಸದವನೊಬ್ಬ ಮೊಬೈಲಿನಲ್ಲಿ ಏನೋ ಹಚ್ಚಿದ. ಹಾಡಲ್ಲ, ಮಾತು. ಡೋಲಿನ ಹೊಡೆತದ ಮೇಲೆ ಯಾರೋ ಮರಾಠಿಯಲ್ಲಿ ಕೂಲಿಯ ಬಗ್ಗೆ, ಬಾಟಲಿಯ ಬಗ್ಗೆ ಒಂದೇ ಸಮನೆ ಮಾತಾಡುತ್ತ ಹೋಗುತ್ತಿದ್ದ. ಇದು ಹೊಸ ನಮೂನೆ, ಹಿಂದೆ ಯಾರೂ ಹೀಗೆ ಮಾಡಿಲ್ಲ ಎಂದು ಸೆಂಟ್ರಿಂಗ್‌ನವನು ಹೇಳಿದ. ನಾನು ಪೈಪು ಕೆಳಗಿಟ್ಟು ಇಟ್ಟಿಗೆಯ ಮೇಲೆ ಕೂತುಬಿಟ್ಟೆ. ಹೀಗೆ ಮಾಡಿದವನೊಬ್ಬ ನಮ್ಮ ಮನೆಯಲ್ಲೇ ಇದ್ದ. ನಿಮ್ಮ ಮನೆಯಲ್ಲೂ ಇದ್ದಿರಬಹುದು. ಅವನ ದನಿ ನಿಮಗೆ ಇನ್ನೂ ಕೇಳಿಸುತ್ತಿದ್ದರೆ ನೀವು ಪುಣ್ಯವಂತರು.

ನಮ್ಮ ಮನೆ ನಿಲಂಗಾದ ಮೊಂಢಾದ ಹಿಂದಿತ್ತು. ಮೊಂಢಾ ಎಂದರೆ ಕಾಳುಕಡಿಯ ಪೇಟೆ. ಬೀದರ್ ಕಡೆಯಿಂದ ಔರಾದ ಶಹಾಜನಿ ದಾಟಿ ಹಮಾಲಿಗೆ ಬಂದ ಮಂದಿ ನಾವು. ತಗಡಿನ ಮಾಡು, ಗೋಣಿಯ ಪರದೆ, ಗೋಣಿಯ ಹಾಸಿಗೆ. ಮಳೆ ಬಂದರೆ ಮನೆ ತುಂಬ ಇದೇ ವಾಸನೆ. ಅಪ್ಪನ ಮುಖ ನನಗೆ ನೆನಪಿಲ್ಲ. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಆ ಮನೆಯ ಗಂಡಸು ಎಂದರೆ ಅಪ್ಪನ ತಮ್ಮ, ಬಂಡೆಪ್ಪ ಕಾಕಾ. ಸತ್ತ ಅಣ್ಣನ ಸಂಸಾರ ಸಾಕಬೇಕೆಂದು ಅವನು ಲಗ್ನವನ್ನೇ ಮಾಡಿಕೊಳ್ಳಲಿಲ್ಲ. ಬೆಳಗ್ಗೆ ಮೈತೊಳೆದು, ಕೊರಳ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಬಾಯಿಗೆ ಹನಿ ನೀರು ಹಾಕುತ್ತಿರಲಿಲ್ಲ. ಚೀಲ ಉಜ್ಜಿ ಉಜ್ಜಿ ಅವನ ಹೆಗಲು ಎತ್ತಿನ ಹೆಗಲಿನಂತೆ ದಡ್ಡುಗಟ್ಟಿತ್ತು. ಆ ಹೆಗಲ ಮೇಲೆ ಕೂತು ನಾನು ಲೋಕ ನೋಡಿದ್ದೇನೆ.

ಲಾರಿ ತುಂಬುವಾಗ ಕಾಕಾ ಪದ ಹೇಳುತ್ತಿದ್ದ. ರಾಗ ಎಳೆಯುತ್ತಿರಲಿಲ್ಲ; ಮಾತಾಡಿದಂತೆಯೇ, ಆದರೆ ಹೆಜ್ಜೆಗೆ ಸರಿಯಾಗಿ. ಹಲಗೆ ಹತ್ತುವಾಗ ಒಂದು ಸಾಲು, ಚೀಲ ಒಗೆಯುವಾಗ ಇನ್ನೊಂದು. ಭಾರ ಹೊರಲಾಗದಷ್ಟು ವಯಸ್ಸಾಗಿದ್ದ ಬಾಬುಮಿಯಾ ಚಾಚಾ ಖಾಲಿ ಎಣ್ಣೆ ಡಬ್ಬಿಯನ್ನು ಬೋರಲು ಹಾಕಿ ಬಡಿಯುತ್ತಿದ್ದ. ಎರಡು ಗಟ್ಟಿ ಪೆಟ್ಟು, ಒಂದು ಮೆತ್ತಗೆ, ಆಮೇಲೆ ಒಂದು ಖಾಲಿ. ಆ ಖಾಲಿಯಲ್ಲಿ ಹೊತ್ತವರು ಉಸಿರು ತೆಗೆದುಕೊಳ್ಳುತ್ತಿದ್ದರು.

ಬೆನ್ನ ಮ್ಯಾಲಿನ ಚೀಲ ಇಳಸ್ಲಾಕ ನಾಕ್ ಮಂದಿ ಬರ್ತಾರ,
ಎದಿ ಮ್ಯಾಲಿಂದು ಇಳಸ್ಲಾಕ ಬಾಟ್ಲಿ ಒಂದೇ ಬರ್ತದ.
ಮನಿತನಕ ಬಾಟ್ಲಿ ನಾ ಹೊತ್ಕೊಂಡು ಬಂದೆ,
ಮನಿ ಬಿಟ್ಟು ನನ್ನ ಬಾಟ್ಲಿ ಹೊತ್ಕೊಂಡು ಹೊಂಟದ.

ದಲಾಲಿಯ ಅಡತಿ ಅಂಗಡಿಯವರೂ ಗಲ್ಲಾಪೆಟ್ಟಿಗೆ ಬಿಟ್ಟು ಬಂದು ನಿಲ್ಲುತ್ತಿದ್ದರು. ಮರಾಠಿಯವರಿಗೆ ಅರ್ಧ ತಿಳಿಯುತ್ತಿತ್ತು, ಆದರೂ ತಲೆದೂಗುತ್ತಿದ್ದರು. ಹಗಲೆಲ್ಲ ದಾರುವನ್ನು ಬೈದು ಸಂಜೆಗೆ ಅದರ ಬಳಿಯೇ ಹೋಗುತ್ತೀಯಲ್ಲ ಎಂದು ಚಾಚಾ ಕೆಣಕಿದರೆ ಕಾಕಾನ ಉತ್ತರ ತಯಾರಿರುತ್ತಿತ್ತು: "ವೈರಿ ಮನಿ ಹೊಕ್ಕು ನೋಡ್ಲಾರ್ದೆ ಹ್ಯಾಂಗ ಬೈಲಿ ಚಾಚಾ?"

ಆ ಹಮಾಲರ ಟೋಳಿಯಲ್ಲಿ ಒಂದು ರಿವಾಜಿತ್ತು. ಕೆಲಸ ಮುಗಿದ ಮೇಲೆ ಮೊದಲ ಗ್ಲಾಸು ಪದ ಹೇಳಿದವನಿಗೆ. ಅವನ ಗಂಟಲು ಟೋಳಿಯ ಗಂಟಲು, ಆದ್ದರಿಂದ ಬೇಡ ಎನ್ನುವಂತಿಲ್ಲ. ಬೇಡವೆಂದರೆ ಜತೆಗೆ ಹೊತ್ತವರನ್ನು ದೂರ ತಳ್ಳಿದಂತೆ. ಒಂದು ಗ್ಲಾಸು ಒಂದಕ್ಕೇ ನಿಲ್ಲುತ್ತಿರಲಿಲ್ಲ. ಅವ್ವನ ತಲೆ ಮುಟ್ಟಿ, ನನ್ನ ತಲೆ ಮುಟ್ಟಿ ಕುಡಿಯುವುದಿಲ್ಲವೆಂದು ಕಾಕಾ ಎಷ್ಟು ಸಲ ಆಣೆ ಇಟ್ಟನೋ ಅಷ್ಟು ಸಲ ಮುರಿದ. ಒಂದು ಶ್ರಾವಣದಲ್ಲಿ ಚೀಲದ ಸಮೇತ ಹಲಗೆಯಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡು ಬಂದ. ಬಾಯಿ ನಾರುತ್ತಿತ್ತು. ಅವ್ವ ಗೋಡೆಗೆ ಒರಗಿ, ಇವನೂ ಹೋದರೆ ನಾವು ಎಲ್ಲಿಗೆ ಹೋಗಬೇಕು ಎಂದು ಯಾರನ್ನೋ ಕೇಳುವಂತೆ ಕೇಳಿದಳು. ಆಗ ನಾನು ಹೇಳಿದೆ, ಮೊದಲ ಗ್ಲಾಸು ಪದ ಹೇಳಿದವನಿಗೇ ಕೊಡುತ್ತಾರೆ ಎಂದು. ಆ ಮಾತು ನನ್ನ ಬಾಯಿಂದ ಬಂದದ್ದು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ.

ಮರುದಿನ ಕಾಕಾ ಪೂಜೆಗೆ ಕೂತಾಗ ಅವ್ವ ಎದುರು ಬಂದು ಕೂತಳು. "ಲಿಂಗ ಮುಟ್ಟಿ ಹೇಳು ಬಂಡೆಪ್ಪಾ, ಇನ್ನ ಪದಾ ಅನ್ನಂಗಿಲ್ಲಂತ."

ಕಾಕಾ ಅಂಗೈಯ ಮೇಲಿನ ಲಿಂಗವನ್ನೇ ನೋಡಿದ. "ದಾರು ಬಿಡು ಅನ್ರಿ ವೈನಿ. ಪದಾ ಬಿಡು ಅನಬ್ಯಾಡ್ರಿ."

"ದಾರು ಬಿಡೂದು ನಿನ್ನ ಕೈಲಿ ಆಗಂಗಿಲ್ಲ. ಲಿಂಗದ ಆಣಿ ಮುರದ್ರ ಮನಿ ಉಳ್ಯಾಂಗಿಲ್ಲ. ಪದಾ ಆದ್ರ ಬಿಡ್ತಿ."

ಅವಳ ಲೆಕ್ಕದಲ್ಲಿ ತಪ್ಪು ಹುಡುಕುವುದು ನನಗೆ ಇಷ್ಟು ವರ್ಷವಾದರೂ ಸಾಧ್ಯವಾಗಿಲ್ಲ. ಕಾಕಾ ಲಿಂಗ ಮುಟ್ಟಿ ಹೇಳಿದ.

ಅವನು ಆಣೆಯನ್ನು ಕಲ್ಲಿನಂತೆ ಉಳಿಸಿಕೊಂಡ. ಪಕ್ಕೆಲುಬು ಕೂಡಿ ಮತ್ತೆ ಮೊಂಢಾಕ್ಕೆ ಹೋದಾಗ ಚಾಚಾ ಡಬ್ಬಿ ಬಡಿದರೂ ಇವನ ಬಾಯಿ ತೆರೆಯಲಿಲ್ಲ. ಟೋಳಿಯ ಗ್ಲಾಸು ನಿಂತಿತು. ಅವ್ವ ಒಂದು ವಾರ ನಕ್ಕಳು. ಆಮೇಲೆ ತಿಳಿಯಿತು, ಕಾಕಾ ಬೆಳಗಿನ ಪೂಜೆ ಮುಗಿಸಿ, ಬಸ್ ಸ್ಟ್ಯಾಂಡಿನ ಹಿಂದೆ ಒಬ್ಬನೇ ನಿಂತು ಕುಡಿದು ಕೆಲಸಕ್ಕೆ ಹೋಗುತ್ತಾನೆ ಎಂದು. ಮೊದಲು ಹಗಲೆಲ್ಲ ಬೈದು ಸಂಜೆಗೆ ಕುಡಿಯುತ್ತಿದ್ದ. ಈಗ ಬೈಯುವುದು ತಪ್ಪಿತು, ಕುಡಿಯುವುದೊಂದೇ ಉಳಿಯಿತು. ಎದೆಯ ಮೇಲಿನ ಚೀಲವನ್ನು ಅವನು ಅಷ್ಟು ವರ್ಷ ಪದದಿಂದ ಇಳಿಸಿಕೊಂಡಿದ್ದ ಎಂಬುದು ನಮಗೆ ಗೊತ್ತಾಗಲಿಲ್ಲ. ಮನೆಯಲ್ಲಿ ಮಾತೂ ಕಡಿಮೆಯಾಯಿತು. ಕಣ್ಣು ಅರಿಸಿನವಾದವು, ಕಾಲು ಒಣಗಿ ಹೊಟ್ಟೆ ಊದಿತು. ನಾನು ಏಳನೇ ಇಯತ್ತೆಗೇ ಶಾಲೆ ಬಿಟ್ಟು ಸಿಮೆಂಟಿನ ಪುಟ್ಟಿ ಹೊರಲು ನಿಂತೆ.

ಉದಗೀರದ ದವಾಖಾನೆಯಲ್ಲಿ ಕೊನೆಯ ಮಧ್ಯಾಹ್ನ ಅವ್ವ ಅವನ ಕಾಲ ಬಳಿ ಕೂತಿದ್ದಳು. "ನಾ ಹಾಕ್ಸಿದ ಆಣಿ ನಾನೇ ವಾಪಸ್ ತಗೊಂಡೀನಿ ಬಂಡೆಪ್ಪಾ. ಒಂದು ಸಾಲು ಅನ್ನಪ್ಪ."

ಕಾಕಾ ಕಣ್ಣು ತೆರೆದ. "ನಿಮ್ಮ ಕೈಯಾಗ ಅದು ಎಲ್ಲ್ಯದ ವೈನಿ? ನಾ ಲಿಂಗಕ್ಕ ಕೊಟ್ಟೀನಿ."

ಸ್ವಲ್ಪ ಹೊತ್ತಿನ ಮೇಲೆ ಅವನ ಬೆರಳು ಕಬ್ಬಿಣದ ಮಂಚದ ಅಂಚನ್ನು ಬಡಿಯತೊಡಗಿತು. ಎರಡು ಗಟ್ಟಿ, ಒಂದು ಮೆತ್ತಗೆ, ಒಂದು ಖಾಲಿ. ತುಟಿ ಮುಚ್ಚಿಯೇ ಇತ್ತು. ಅವ್ವ ಸೆರಗು ಬಾಯಿಗಿಟ್ಟುಕೊಂಡು ಆ ಬೆರಳನ್ನೇ ನೋಡುತ್ತಿದ್ದಳು. ಸಂಜೆಯೊಳಗೆ ಅದು ನಿಂತಿತು. ನಮ್ಮ ಪದ್ಧತಿಯಂತೆ ಲಿಂಗವನ್ನು ಅಂಗೈಯಲ್ಲಿಟ್ಟು ಮಣ್ಣು ಕೊಟ್ಟೆವು. ಅದಕ್ಕೆ ಅವನು ಕೊಟ್ಟದ್ದೂ ಅದರ ಜತೆಗೇ ಹೋಯಿತು.

ಅವ್ವ ಇದ್ದಷ್ಟು ದಿನ ಮನೆಯಲ್ಲಿ ಎಣ್ಣೆ ಡಬ್ಬಿಯನ್ನು ಬೋರಲು ಹಾಕಲು ಬಿಡಲಿಲ್ಲ. ಈಗ ಅವಳಿಲ್ಲ, ಚಾಚಾ ಇಲ್ಲ, ತಗಡಿನ ಮನೆಯಿದ್ದಲ್ಲಿ ಯಾರದೋ ಗೋದಾಮು ನಿಂತಿದೆ. ನಾನು ಇವತ್ತಿನವರೆಗೆ ಒಂದು ಹನಿ ಮುಟ್ಟಿಲ್ಲ. ಆದರೆ ಅಷ್ಟು ಪದಗಳಲ್ಲಿ ನನಗೆ ಉಳಿದದ್ದು ನಾಲ್ಕು ಸಾಲು.

ಮೊನ್ನೆ ಇಟ್ಟಿಗೆಯ ಮೇಲೆ ಕೂತು, ಪುಟ್ಟಿಯನ್ನು ಬೋರಲು ಹಾಕಿ ಬಡಿಯುತ್ತ ಆ ನಾಲ್ಕನ್ನು ಹೇಳಿದೆ. ಸೆಂಟ್ರಿಂಗ್‌ನವನು ತನ್ನ ಮೊಬೈಲು ಬಂದ್ ಮಾಡಿ ಕೇಳಿದ. "ಮುಂದ, ಮಾಮಾ?"

ನನ್ನ ಕೈ ಇನ್ನೂ ಬಡಿಯುತ್ತಲೇ ಇತ್ತು. ಮುಂದಿನದು ಬರುವುದಿಲ್ಲ ಎಂದೆ. ಕಂಬದ ಗೋಣಿ ಒಣಗುತ್ತಿತ್ತು. ಎದ್ದು ಪೈಪು ಹಿಡಿದೆ.