ತಟ್ಟೆ ಖಾಲಿ ಮಾಡುವ ಮರಿ

ಗಿರಣಿಯ ಕ್ಯಾಂಟೀನಿನಲ್ಲಿ ಬಡಿಸಿ ಬಡಿಸಿಯೇ ಆಯುಷ್ಯ ಸವೆಸಿದ ಆಕೆಗೆ ಅಲ್ಲಿನ ಆಳುಗಳು ಇಟ್ಟ ಹೆಸರು ಸೌಟಮ್ಮ. ಆಕೆಯ ಲೆಕ್ಕಾಚಾರ ಸರಳ: ತಟ್ಟೆಯಲ್ಲಿ ತುತ್ತು ಉಳಿದರೆ ಹೊಟ್ಟೆ ತುಂಬಿತು, ತಟ್ಟೆ ಖಾಲಿಯಾದರೆ ಇನ್ನೂ ಹಸಿವಿದೆ. ಖಾಲಿ ತಟ್ಟೆ ಕಂಡರೆ ಬೇಕಾ ಬೇಡವಾ ಎಂದು ಕೇಳುತ್ತಲೂ ಇರಲಿಲ್ಲ, ಸುರಿದುಬಿಡುತ್ತಿದ್ದಳು. ಗಿರಣಿಯಲ್ಲಿ ಈ ಲೆಕ್ಕ ಎಂದೂ ತಪ್ಪಲಿಲ್ಲ. ತಪ್ಪಿದ್ದು ನಾಯಿಮರಿಯ ಮುಂದೆ.

ಕೆಲಸ ಬಿಟ್ಟು ಮಗನ ಮನೆ ಸೇರಿದ ಮೇಲೆ ಆಕೆಯ ಕೈ ಬರಿದಾಯಿತು. ಅಡುಗೆಮನೆ ಸೊಸೆಯದು. ಮಗನೋ, ಮೊದಲಿನಿಂದಲೂ ಮಾತಿನಲ್ಲಿ ಜಿಪುಣ. ಅಂಥ ಮನೆಗೆ, ಬೆಳೆದರೆ ಕರುವಿನಷ್ಟಾಗುವ ಜಾತಿಯ ಮರಿಯೊಂದು ಬಂತು. ಗಂಡಹೆಂಡತಿ ದಿನವಿಡೀ ಆಫೀಸಿನಲ್ಲಿ. ಅದಕ್ಕೆ ಊಟ ಹಾಕುವ ಹೊಣೆ ಸೌಟಮ್ಮನ ತಲೆಗೆ ಬಿತ್ತು.

"ಅತ್ತೆ, ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮೂರೇ ಸಲ. ಈ ಬಟ್ಟಲಲ್ಲಿ ಗೆರೆ ತನಕ," ಎಂದಳು ಸೊಸೆ. "ಆರು ತಿಂಗಳಾದ್ಮೇಲೆ ಎರಡೇ ಸಲ ಸಾಕಂತೆ. ದೊಡ್ಡ ಜಾತಿ ಮರಿ ಬೇಗ ದಪ್ಪ ಆಗಬಾರದು ಅಂತ ಡಾಕ್ಟರು ಒತ್ತಿ ಹೇಳಿದ್ದಾರೆ. ಎಳೆ ಮೂಳೆ, ಭಾರ ತಡೆಯಲ್ಲ."

"ಬೆಳೆಯೋ ಕೂಸಿಗೆ ಅಳೆದು ಹಾಕೋದಾ?" ಎಂದು ಸೌಟಮ್ಮ ಗೊಣಗಿದಳು.

ಮರಿ ಹಾಕಿದ್ದನ್ನು ಕಣ್ಣುಮುಚ್ಚಿ ತೆರೆಯುವುದರೊಳಗೆ ಮುಗಿಸಿ, ತಟ್ಟೆಯನ್ನು ಮೂತಿಯಿಂದ ನೂಕಿಕೊಂಡು ಬಂದು ಆಕೆಯ ಕಾಲ ಬಳಿ ನಿಲ್ಲುತ್ತಿತ್ತು. ತುತ್ತು ಉಳಿಸುವ ಅಭ್ಯಾಸವೇ ಆ ಪ್ರಾಣಿಗಿಲ್ಲ, ಹಾಕಿದಷ್ಟೂ ನುಂಗುತ್ತದೆ ಎಂದು ಆಕೆಗೆ ಯಾರು ಹೇಳಬೇಕು? ಎರಡು ಊಟಗಳ ನಡುವೆ ಅನ್ನ ಬಿತ್ತು, ಹಾಲು ಬಿತ್ತು, ಮೊಟ್ಟೆ ಬಿತ್ತು. ಪಾಪ, ಆ ಮನೆಯಲ್ಲಿ ಆಕೆಯ ದಾರಿ ಕಾಯುವ ಜೀವ ಅದೊಂದೇ. ಅದೂ ಕೈತಪ್ಪಿ ಹೋದೀತೆಂಬ ಭಯಕ್ಕೇ ಇನ್ನೊಂದು ಸೌಟು.

ಮರಿ ಗುಂಡಗಾಯಿತು, ಮುಂಗಾಲು ಬಿಲ್ಲಿನಂತೆ ಬಾಗಿದವು. ಮೆಟ್ಟಿಲು ಹತ್ತಲಾರದೆ ಅದು ಕುಂಯ್ ಎಂದು ಕುಸಿದ ದಿನ ಮಗ ಎತ್ತಿಕೊಂಡು ಡಾಕ್ಟರ ಬಳಿ ಓಡಿದ. ವಾಪಸು ಬಂದವನು ಚಪ್ಪಲಿ ಕೂಡ ಬಿಡಲಿಲ್ಲ.

"ಎಷ್ಟು ಸಲ ಹಾಕ್ತಿದ್ದೆ?"

"ತಟ್ಟೆ ಖಾಲಿ ಆದಾಗೆಲ್ಲ ಹಾಕ್ದೆ ಕಣೋ. ಹಸಿದಿತ್ತು."

"ಕಾಲು ಪೂರ್ತಿ ನೆಟ್ಟಗಾಗೋದು ಅನುಮಾನವಂತೆ." ಅವನು ಒಳಗೆ ಹೊರಟವನು ನಿಂತ. "ನಂಗೆ ಒಂದಿನ ಆದ್ರೂ ಎರಡನೇ ಸಲ ಬಡಿಸಿದ್ಯಾ ಅಮ್ಮ?"

ಗಿರಣಿಯಲ್ಲಿದ್ದಾಗ ಸೌಟಮ್ಮ ಕಂಡವರಿಗೆಲ್ಲ ಬಡಿಸಿ ಸೋತು ಬಂದು, ಪಾತ್ರೆಯನ್ನು ಹುಡುಗನ ಮುಂದೆ ಕುಕ್ಕಿ, "ಹಾಕ್ಕೊಂಡು ತಿನ್ನು" ಎಂದು ಮಲಗಿಬಿಡುತ್ತಿದ್ದಳು. ಅವನ ತಟ್ಟೆಯತ್ತ ನೋಡಿಯೇ ಇರಲಿಲ್ಲ. ದುಡಿದು ಸಾಕಿದ್ದಕ್ಕೆ ಇದನ್ನೂ ಕೇಳಬೇಕಾಯಿತಲ್ಲ ಎಂದು ಹೊಟ್ಟೆ ಉರಿಯಿತು. ಅವನು ಹೇಳಿದ್ದು ನಿಜವೆಂದು ಇನ್ನಷ್ಟು ಉರಿಯಿತು.

ಮರುದಿನದಿಂದ ಮರಿಗೆ ಊಟ ಹಾಕಲು ಪಕ್ಕದ ಮನೆಯಾಕೆ ಬಂದಳು. ಅದರ ಊಟವಿದ್ದ ಕಪಾಟಿಗೆ ಬೀಗ ಬಿತ್ತು. ಉಂಡಾದ ಮೇಲೂ ಮರಿ ಸೊಟ್ಟಗಾಲು ಎಳೆಯುತ್ತ ಸೌಟಮ್ಮನ ಬಳಿಗೇ ಬಂದು ಮುಖ ನೋಡುತ್ತಿತ್ತು. "ಹೋಗೋ, ನನ್ನ ಕೈಲಿ ಏನೂ ಇಲ್ಲ," ಎಂದು ಅತ್ತ ತಿರುಗುತ್ತಿದ್ದಳು.

ಹೀಗಿರುವಾಗ ಒಂದು ದಿನ ಎಲ್ಲರೂ ಊಟಕ್ಕೆ ಕೂತಿದ್ದರು. ಮಗನ ತಟ್ಟೆ ಖಾಲಿಯಾಗಿದ್ದು ಆಕೆಯ ಕಣ್ಣಿಗೆ ಬಿತ್ತು. ಸೊಸೆಯ ಮುಂದಿದ್ದ ಸೌಟು ತೆಗೆದುಕೊಂಡು ಎದ್ದು ಬಂದಳು. ಅವನು ತಟ್ಟೆಗೆ ಅಂಗೈ ಅಡ್ಡ ಹಿಡಿದ.

"ಸಾಕಮ್ಮ. ಅಭ್ಯಾಸ ಇಲ್ಲ."